ಹಣೆಗೆ ಹಾಕಿದ ಗಿಲಾವು

ನಯಾಪೈಸೆ ಬಂದ ಹೊಸತರಲ್ಲಿ ನಾನು ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟ್ರು. ಮನುಷ್ಯನ ಹಣೆಯ ಬಗ್ಗೆ ನನಗೆ ತಿಳಿಯದ್ದೇನೂ ಇರಲಿಲ್ಲ. ಹಣೆಯ ಸ್ನಾಯು ಯಾವ ಮೂಳೆಗೂ ಅಂಟಿಕೊಂಡಿಲ್ಲ. ಅದರ ಮೇಲಂಚು ನೆತ್ತಿಯ ಚರ್ಮದಡಿಯ ತೆಳುಪದರದಲ್ಲಿ, ಕೆಳಂಚು ಹುಬ್ಬಿನ ಚರ್ಮದಲ್ಲಿ. ಅದು ಸೆಳೆದರೆ ಹುಬ್ಬು ಏರುತ್ತದೆ, ಹಣೆ ನೆರಿಗೆಗಟ್ಟುತ್ತದೆ. ಅಷ್ಟೇ!

ನನ್ನ ಹಣೆ ಮಾತ್ರ ಸುಮ್ಮನಿದ್ದಾಗಲೂ ಉತ್ತ ಹೊಲ. ಸೊರಬದ ಹೆಣ್ಣಿನ ಕಡೆಯವರು "ಹುಡುಗನಿಗೆ ವಯಸ್ಸಾಗಿದೆಯಂತಲ್ಲ" ಎಂದು ಹೇಳಿಕಳಿಸಿದ್ದರು. ಈ ಸಂಬಂಧವೂ ತಪ್ಪಿದರೆ ಮಗನಿಗೆ ಮದುವೆಯೇ ಇಲ್ಲವೆಂದು ಅವ್ವ ಕಣ್ಣೊರೆಸಿಕೊಂಡಳು. ನಾನು ಅಳಲಿಲ್ಲ. ಉಪಾಯ ಮಾಡಿದೆ. ಹೆಣ್ಣು ನೋಡಲು ಹೊರಟ ದಿನ ವಿಭೂತಿಯನ್ನು ಜಾಲಿ ಅಂಟಿನಲ್ಲಿ ಕಲಸಿ ಹಣೆಯ ತುಂಬ ಬಳಿದೆ. ನೆರಿಗೆಗಳೆಲ್ಲ ಮಾಯ!

"ಏನಲೇ ಇದು, ಗ್ವಾಡಿಗೆ ಗಿಲಾವು ಹಾಕ್ದಂಗೆ ಹಾಕ್ಕಂಡೀಯಲ್ಲ!" ಎಂದರು ಜೊತೆಗೆ ಹೊರಟ ಸೋದರಮಾವ.

"ಭಕ್ತಿ, ಮಾಮ."

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಭಕ್ತಿ ಒಣಗಿ ಕಲ್ಲಾಯಿತು. ಹುಬ್ಬು ಏರದು, ಇಳಿಯದು.

ಸೊರಬದಲ್ಲಿ ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಹಸಿರು ಸೀರೆಯೆಂದು ನನ್ನ ನೆನಪು. ಮಾಮ ನೀಲಿ ಎನ್ನುತ್ತಾರೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಮಾಮನನ್ನೂ. ಚೆಲುವೆ ಎಂಬುದರಲ್ಲಿ ತಕರಾರಿಲ್ಲ. ಒಳಗೆ ಹಿಗ್ಗಿದೆ, ಹೊರಗೆ ಒಂದು ಗೆರೆಯೂ ಅಲುಗಲಿಲ್ಲ.

"ಯಾಕ್ರೀ, ಹುಡ್ಗಿ ಮನಸ್ಸಿಗೆ ಬರ್ಲಿಲ್ವೇನ್ರೀ?" ಆಕೆಯ ತಂದೆಯ ಮುಖ ಸಣ್ಣದಾಯಿತು. "ಸಾವಿನ ಮನೆಗೆ ಬಂದಂಗೆ ಕೂತಿದೀರಲ್ಲ!"

ಸಂಬಂಧ ಕೈಜಾರುತ್ತಿತ್ತು! "ಇಲ್ರೀ, ಭಾರಿ ಸಂತೋಷ!" ಎನ್ನುತ್ತ, ಸಂತೋಷ ಕಾಣಲೆಂದು ಸ್ನಾಯುವನ್ನು ಇದ್ದಬದ್ದ ಬಲವೆಲ್ಲ ಹಾಕಿ ಎಳೆದೆ. ಫಟ್! ವಿಭೂತಿಯ ಹಲಗೆ ಹಣೆ ಬಿಟ್ಟು ಹುಡುಗಿಯ ತಂದೆಯ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಅದರ ಜೊತೆ ನನ್ನ ಎಡಹುಬ್ಬಿನ ಅರ್ಧವೂ ಹೋಯಿತು.

ಮೇಷ್ಟ್ರು ಸುಮ್ಮನಿರಬೇಕಲ್ಲ? "ನೋಡಿ, ಈ ಸ್ನಾಯು ಮೂಳೆಗೆ ಅಂಟಿರೋದಿಲ್ಲ..." ಎಂದು ಪಾಠ ಶುರುಮಾಡಿದೆ.

"ವಿಭೂತೀನೂ ಅಂಟಿರ್ಲಿಲ್ಲ ಬಿಡ್ರಿ" ಎಂದರು ಅವರು, ತಟ್ಟೆ ನೋಡುತ್ತ.

ಬಾಗಿಲ ಮರೆಯಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. "ಅಪ್ಪಾಜಿ, ಇವರೇ ಇರ್ಲಿ. ಸುಳ್ಳು ಹೇಳಕ್ಕೆ ಹೋದ್ರೆ ಹಿಂಗೆ ಉದುರುತ್ತೆ. ಸಂಸಾರ ಮಾಡೋದು ಸಲೀಸು!"

ಮದುವೆಯಾಯಿತು. ಚಪ್ಪರದಲ್ಲಿ ಅತ್ತೆಯವರು ಬಂದವರಿಗೆಲ್ಲ ನನ್ನ ಕಡೆ ಕೈ ತೋರಿಸಿ ಹೇಳುತ್ತಿದ್ದರು: "ಎಂಥಾ ವಯಸ್ಸೂ ಆಗಿಲ್ಲ ಕಣ್ರೀ. ಹುಬ್ಬೇ ಇನ್ನೂ ಪೂರ್ತಿ ಬಂದಿಲ್ಲ!"