ಏಳುನೂರು ವಾಟಿನ ಬಲ್ಬು

ಕೆಂಡದ ಬಾಂಡ್ಲಿಯನ್ನು ನಮ್ಮ ಮನೆಯಿಂದ ಗಡೀಪಾರು ಮಾಡಿಯೇ ತೀರುತ್ತೇನೆಂದು ನಾನು ಘೋಷಿಸಿದ್ದು ನಲವತ್ತೇಳನೆಯ ಇಸವಿಯ ಪುಷ್ಯಮಾಸದಲ್ಲಿ. ಆಗ ನಾನು ದೇವನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಅಶ್ವತ್ಥಮ್ಮ ನಡುಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಚಳಿಗೆ ಹುಳು ಮುದುರಿಕೊಂಡು ಸೊಪ್ಪು ಮುಟ್ಟುವುದಿಲ್ಲವೆಂದು ಅವಳು ತಟ್ಟೆಗಳ ಕೆಳಗೆ ಕೆಂಡ ಇಡುತ್ತಿದ್ದಳು. ಆ ಹೊಗೆಗೆ ಹುಳು ಬದುಕಿದರೂ ನಾನು ಬದುಕುವುದು ಅನುಮಾನವಾಗಿತ್ತು.

"ಮನೆಯಲ್ಲಿ ಕರೆಂಟ್ ಇಟ್ಕೊಂಡು ಕೆಂಡ ಊದೋದು ನಾಚಿಕೆಗೇಡು ಕಣೆ. ಒಂದು ಬಲ್ಬು ಸಾಕು" ಎಂದೆ.

"ಬಲ್ಬು ಬೆಳಕು ಕೊಡುತ್ತೆ. ಕಾವು ಕೊಡುತ್ತಾ?"

"ಲೆಕ್ಕ ಹಾಕಿ ತೋರಿಸ್ತೀನಿ."

ತೋರಿಸಿಯೂ ಬಿಟ್ಟೆ. ಶನಿವಾರ ಮಧ್ಯಾಹ್ನ ಮನೆಯ ಬಲ್ಬನ್ನು ಶಾಲೆಗೆ ಒಯ್ದು, ಅಲ್ಲಿನ ಬ್ಯಾಟರಿಗೆ ಕಟ್ಟಿ ಅಳೆದೆ. ಆರು ವೋಲ್ಟಿಗೆ ಎಂಬತ್ತು ಮಿಲಿ ಆಂಪಿಯರ್ ಹರಿಯಿತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬಲ್ಬಿನೊಳಗಿನ ತಂತಿ ಒಡ್ಡುವ ತಡೆ, ಅಂದರೆ ಎಪ್ಪತ್ತೈದು ಓಮ್. ನಮ್ಮ ಮನೆಗೆ ಬರುವುದು ಇನ್ನೂರ ಮೂವತ್ತು ವೋಲ್ಟ್. ಅದನ್ನು ಎಪ್ಪತ್ತೈದರಿಂದ ಭಾಗಿಸಿದರೆ ಮೂರು ಆಂಪಿಯರ್ ಚಿಲ್ಲರೆ ಕರೆಂಟು. ಎರಡನ್ನೂ ಗುಣಿಸಿದೆ. ಏಳುನೂರ ಐದು ವಾಟ್!

ಬಲ್ಬಿನ ಮೇಲೆ ಬರೆದಿದ್ದದ್ದು ಅರುವತ್ತು. ಮಾಡಿದವನಿಗೇ ತನ್ನ ಮಾಲಿನ ಶಕ್ತಿ ತಿಳಿದಿಲ್ಲವಲ್ಲ ಎಂದು ಮರುಗಿದೆ. ಸಂಜೆ ಆ ಬಲ್ಬನ್ನು ತಟ್ಟೆಗಳ ನಡುವೆ ಇಳಿಬಿಟ್ಟು, ಬಾಂಡ್ಲಿಯನ್ನು ಹಿತ್ತಲಿಗೆ ಎಸೆದು, ಜಗವನ್ನೇ ಗೆದ್ದವನಂತೆ ಮಲಗಿದೆ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಮನೆಗೆ ತಂತಿ ಎಳೆದ ಲೈನ್‌ಮನ್ ಮುನಿಸ್ವಾಮಿ, "ಎರಡು ದೀಪಕ್ಕೆ ಅಂತ ತೆಳ್ಳನೆ ತಂತಿ ಎಳ್ದಿವ್ನಿ ಮೇಷ್ಟ್ರೇ, ಜಾಸ್ತಿ ಏನೂ ಹಾಕ್ಬ್ಯಾಡಿ" ಎಂದಿದ್ದ. ಎರಡು ದೀಪದ ತಂತಿಯಲ್ಲಿ ಏಳುನೂರು ವಾಟ್! ಬಾಯಲ್ಲಿದ್ದ ನೀರನ್ನು ಉಗಿಯುವ ಬದಲು ನುಂಗಿಬಿಟ್ಟೆ.

ಒಳಗೆ ಓಡಿ ತಂತಿ ಹಾದುಹೋದ ಜಂತೆಯನ್ನು ಮೂಸಿದೆ. ಸುಟ್ಟ ವಾಸನೆ ಬಂದಂತಾಯಿತು. ಅದು ಅಡುಗೆಮನೆಯ ಒಗ್ಗರಣೆಯದೂ ಆಗಿರಬಹುದಿತ್ತು. ಭಯಪಟ್ಟ ಮೂಗಿಗೆ ಭೇದವೆಲ್ಲಿ?

"ಅಶ್ವತ್ಥಾ, ಮನೆ ಹತ್ಕೊಂಡ್ರೂ ಹತ್ಕೊಳ್ಬೋದು" ಎಂದೆ.

"ಲೆಕ್ಕ ಹಾಕಿದ್ರಾ?"

"ಎರಡು ಸಲ."

"ಹಂಗಾದ್ರೆ ಆರಿಸಿ."

"ಆರಿಸಿದ್ರೆ ಹುಳು ಚಳಿಗೆ ಸಾಯ್ತವಲ್ಲೇ." ಬಾಂಡ್ಲಿಯನ್ನು ಮತ್ತೆ ಒಳಗೆ ತರಬೇಕಾಗುತ್ತದೆಂಬುದು ಅದಕ್ಕಿಂತ ದೊಡ್ಡ ಕಾರಣ. ಅದನ್ನು ಮಾತ್ರ ಹೇಳಲಿಲ್ಲ.

ಮುನಿಸ್ವಾಮಿಯ ಮನೆಗೆ ಓಡಿದೆ. ಅವನು ಕುಂದಾಣಕ್ಕೆ ಹೋಗಿದ್ದಾನೆ, ಮಧ್ಯಾಹ್ನ ಬರುತ್ತಾನೆ ಎಂದರು. ಕಳುಹಿಸಿಕೊಡಿ ಎಂದು ಹೇಳಿ ವಾಪಸು ಬಂದರೆ ತಟ್ಟೆಗಳ ಮೇಲೆಲ್ಲ ಬಟ್ಟೆ ಹೊದಿಸಿತ್ತು.

"ಹುಳು ಪೊರೆ ಬಿಡೋಕೆ ಜ್ವರಕ್ಕೆ ಕೂತವೆ. ಬಟ್ಟೆ ಎತ್ತಬೇಡಿ" ಎಂದಳು ಅಶ್ವತ್ಥಮ್ಮ.

ಎರಡು ಬಕೆಟ್ ಮರಳು ತಂದಿಟ್ಟುಕೊಂಡು ತಟ್ಟೆಗಳ ಪಕ್ಕದಲ್ಲಿ ಕಾವಲು ಕೂತೆ. ಜಂತೆ ಲಟಕ್ಕೆಂದರೆ ಏಳುವುದು, ಹಲ್ಲಿ ಲೊಚಗುಟ್ಟಿದರೆ ಮರಳಿಗೆ ಕೈ ಹಾಕುವುದು. ಸ್ವಿಚ್ಚಿನ ಬಳಿ ಮೂರು ಸಲ ಹೋಗಿ, ಹುಳುಗಳ ನೆನಪಾಗಿ ಮೂರು ಸಲವೂ ಹಿಂತಿರುಗಿದೆ. ಅಶ್ವತ್ಥಮ್ಮ ಕಾಫಿ ತಂದವಳು ಹೊಸ್ತಿಲು ದಾಟದೆ, ಹೊರಗಿಂದಲೇ ಕೈ ಚಾಚಿ ಲೋಟ ಕೊಟ್ಟು ಹೋದಳು. ಗೋಡೆಯ ಮೇಲೆ ದೇವರ ಪಟಗಳು ಇಲ್ಲದ್ದನ್ನು ಗಮನಿಸಿದೆ. ಒರೆಸಲು ಇಳಿಸಿರಬೇಕೆಂದುಕೊಂಡೆ.

ಎರಡು ಗಂಟೆಗೆ ಮುನಿಸ್ವಾಮಿ ಬಂದ. ನನ್ನ ಲೆಕ್ಕದ ಹಾಳೆಯನ್ನು ಓದಿದ. ಚೀಲದಿಂದ ಮೀಟರು ತೆಗೆದು ತಂತಿಗೆ ಜೋಡಿಸಿ, ನನ್ನನ್ನು ಹತ್ತಿರ ಕರೆದ.

"ಎಷ್ಟು ತೋರಿಸ್ತದೆ ನೋಡಿ ಮೇಷ್ಟ್ರೇ."

"ಕಾಲು ಆಂಪಿಯರ್" ಎಂದೆ.

"ಇನ್ನೂರ ಮೂವತ್ತರಲ್ಲಿ ಕಾಲು ಭಾಗ ಎಷ್ಟಾಯ್ತು?"

"ಅರುವತ್ತಕ್ಕೆ ಸ್ವಲ್ಪ ಕಡಿಮೆ."

"ಬಲ್ಬಿನ ಮ್ಯಾಲೆ ಅದನ್ನೇ ಬರ್ದವ್ರಲ್ಲ. ನೀವು ಆರು ವೋಲ್ಟಲ್ಲಿ ಅಳೆದಿದ್ದು ಬಲ್ಬಿನೊಳಗೆ ತಣ್ಣಗಿದ್ದ ತಂತೀನ. ಅದು ಬೆಳ್ಳಗೆ ಕಾದಾಗ ತಡೆ ಹನ್ನೆರಡರಷ್ಟು ಏರ್ತದೆ. ತಡೆ ಏರಿದ್ರೆ ಕರೆಂಟು ಇಳೀತದೆ. ಮನೆ ಸುಡೋದಿರ್ಲಿ, ಇದ್ರಲ್ಲಿ ನಿಮ್ಮ ಕೈ ಬೆಚ್ಚಗಾದ್ರೆ ಹೆಚ್ಚು."

ಅವನು ಹೊರಟ. ಮನೆ ಉಳಿಯಿತೆಂಬ ನೆಮ್ಮದಿ ಒಂದು ನಿಮಿಷವೂ ನಿಲ್ಲಲಿಲ್ಲ. ಮನೆ ಸುಡದಿದ್ದರೆ ಹುಳುಗಳಿಗೆ ಕಾವೂ ಸಿಕ್ಕಿಲ್ಲ! ಹೆಂಡತಿಯ ಒಂದು ತಿಂಗಳ ಕಷ್ಟವನ್ನು ಕಾಲು ಆಂಪಿಯರಿನಲ್ಲಿ ಕೊಂದುಬಿಟ್ಟೆನೆಂದು ಗಡಬಡಿಸಿ ಬಟ್ಟೆ ಸರಿಸಿದೆ. ತಟ್ಟೆ ಖಾಲಿ. ಪಕ್ಕದ್ದೂ ಖಾಲಿ. ಒಂದರಲ್ಲೂ ಹುಳುವಿಲ್ಲ.

"ಅಶ್ವತ್ಥಾ, ಹುಳು ಎಲ್ಲೇ?"

"ಪಕ್ಕದ್ಮನೆ ಅಮ್ಮಯಮ್ಮಕ್ಕನ ಅಡುಗೆಮನೇಲಿ, ಒಲೆ ಕಾವಿಗೆ ಬೆಚ್ಚಗವೆ" ಎಂದಳು ಹೊಸ್ತಿಲಾಚೆಯಿಂದ. "ನೀವು ಲೈನ್‌ಮನ್ ಹುಡುಕೋಕೆ ಹೋದಾಗ ಸಾಗಿಸ್ಬಿಟ್ಟೆ. ಪಟ, ಸೀರೆ, ಹಿತ್ತಾಳೆ ಪಾತ್ರೆ ಎಲ್ಲಾ ಅಲ್ಲೇ ಅವೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೆ?"

"ಮನೆ ಹತ್ಕೊಳ್ಳುತ್ತೆ ಅಂತ ಲೆಕ್ಕ ಹಾಕಿ ಹೇಳಿದ್ದು ನೀವೇ ಅಲ್ವಾ? ನಿಮ್ಮ ಲೆಕ್ಕ ನಂಬಿದೆ."

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ನನ್ನ ಲೆಕ್ಕ ನಂಬಿದ್ದು ಅದೇ ಮೊದಲು. ಆ ಸಂತೋಷದಲ್ಲೂ ಒಂದು ಸಂಗತಿ ಚುಚ್ಚಿತು.

"ಹಾಗಾದ್ರೆ ಹತ್ಕೊಳ್ಳೋ ಮನೇಲಿ ನನ್ನೊಬ್ಬನ್ನೇ ಯಾಕೆ ಕೂರಿಸ್ದೆ?"

"ನಿಮಗೆ ಕಾಲು ಅವೆ, ಓಡ್ತೀರಿ" ಎಂದಳು ಅಶ್ವತ್ಥಮ್ಮ. "ಜ್ವರಕ್ಕೆ ಕೂತ ಹುಳು ಓಡ್ತವಾ?"