ಭಟ್ಟಿಯ ಮೇಲಿನ ಕೋಣೆಯಿಂದ, ಭಟ್ಟಿಯ ಮುಂದಿನವರಿಗೆ

ಇಂದ,
ಅರ್ಜಿದಾರಳು,
ಸಮಗ್ರ ಆಹಾರ ಸಲಹಾ ಕೇಂದ್ರ,
ಬೇಕರಿಯ ಮೇಲಿನ ಕೋಣೆ (ಮೆಟ್ಟಿಲು ಬೇಕರಿಯ ಒಳಗಿನಿಂದ).

ಗೆ,
ಮಾನ್ಯ ಮಾಲೀಕರು,
ಬೇಕರಿ, ನೆಲಮಹಡಿ.
(ಇವರು ಅರ್ಜಿದಾರಳ ತಂದೆಯೂ ಹೌದು. ಆ ನಂಟನ್ನು ಈ ಅರ್ಜಿಯಲ್ಲಿ ಬಳಸಿಕೊಂಡಿಲ್ಲ.)

ವಿಷಯ: (ಅ) ಸಂಜೆ ನಾಲ್ಕರ ಬನ್ನಿನ ಭಟ್ಟಿಯ ಸಮಯ ಬದಲಿಸುವ ಬಗ್ಗೆ, (ಆ) ಸದರಿ ಕೇಂದ್ರಕ್ಕೆ ಒಬ್ಬ ರೋಗಿಯನ್ನು ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ಕೇಂದ್ರದ ಬೋರ್ಡು ಹೊಡೆಯುವಾಗ ತಾವು ಏಣಿ ಹಿಡಿದು ನಿಂತು ವಿಧಿಸಿದ ಷರತ್ತು: "ಕೆಳಗೆ ಮಾರೋದನ್ನ ಮೇಲೆ ಕೂತು ಬೈಬಾರ್ದು."

ಮಾನ್ಯರೇ,

ಅಂಗಡಿಯ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಕೂಡದು. ಏನಿದ್ದರೂ ಬರೆದು ಭಟ್ಟಿಯ ಪಕ್ಕದ ತಂತಿಗೆ ಚುಚ್ಚಬೇಕು. ಹಿಟ್ಟು ಉಬ್ಬುವವರೆಗೆ ತಾವು ಅದನ್ನು ಓದುತ್ತೀರಿ. ಇದು ತಮ್ಮ ಪದ್ಧತಿ. ಆ ಹೊತ್ತಿನಲ್ಲಿ ಮಾತ್ರ ತಮ್ಮ ಕೈಗೆ ಕೆಲಸವಿರುವುದಿಲ್ಲವಾದ ಕಾರಣ ಕಣ್ಣಿಗೆ ತಾಳ್ಮೆ ಇರುತ್ತದೆ. ರಜೆ ಬೇಕಾದ ಭಟ್ಟಿ ಮೇಸ್ತ್ರಿಯೂ ಬರೆದೇ ಚುಚ್ಚುತ್ತಾರೆ, ಅಡುಗೆಮನೆಗೆ ಬಣ್ಣ ಬೇಕಾದ ಅಮ್ಮನೂ ಬರೆದೇ ಚುಚ್ಚುತ್ತಾಳೆ. ಎರಡು ಕೇಳಿದವರಿಗೆ ಒಂದನ್ನು ಕೊಟ್ಟು ಒಂದನ್ನು ತಳ್ಳಿಹಾಕುವುದೂ ತಮ್ಮ ಪದ್ಧತಿಯೇ. ಅರ್ಜಿದಾರಳು ಇದನ್ನೆಲ್ಲ ಬಲ್ಲವಳಾಗಿ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತಾಳೆ.

೧. ಅರ್ಜಿದಾರಳು ಜೀವರಸಾಯನಶಾಸ್ತ್ರ ಓದಿ, ಆಸ್ಪತ್ರೆಯೊಂದರ ಆಹಾರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ತಟ್ಟೆಗಳಿಗೆ "ಉಪ್ಪು ಕಡಿಮೆ", "ಸಕ್ಕರೆ ಇಲ್ಲ" ಎಂದು ಚೀಟಿ ಅಂಟಿಸಲಾಗುತ್ತಿತ್ತು. ತಟ್ಟೆಯ ಮುಂದೆ ಕೂತವನಿಗೆ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಬೇಯಿಸುವವರು ಯಾರು, ಸಿಟ್ಟು ಬಂದಾಗ ಏನು ತಿನ್ನುತ್ತಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದ ಅವಳು ಕೆಲಸ ಬಿಟ್ಟು, ಇಡೀ ಮನುಷ್ಯನನ್ನು ನೋಡುವ ಕೇಂದ್ರ ತೆರೆಯಲು ನಿರ್ಧರಿಸಿದಳು. ತಾವು ಎಲ್ಲವನ್ನೂ ಕೇಳಿ, "ಪೂರ್ತಿ ಮನುಷ್ಯನ್ನ ನೋಡ್ತೀಯಾ, ಸರಿ. ಫೀಸು ಮಾತ್ರ ಒಂದೇ ಹೊಟ್ಟೆಗಾ?" ಎಂದು ವಿಚಾರಿಸಿ, ಮೈದಾ ಮೂಟೆಗಳನ್ನು ಸರಿಸಿ ಮೇಲಿನ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟಿರಿ. ಆ ಉಪಕಾರವನ್ನು ಅವಳು ಮರೆತಿಲ್ಲ.

೨. ಕೋಣೆ ಒಪ್ಪಿಕೊಳ್ಳುವಾಗ ಅರ್ಜಿದಾರಳಿಂದ ಒಂದು ಪ್ರಮಾದವಾಯಿತು. ಅದು ಬೇಕರಿಯವರ ಮಗಳಿಂದ ಮಾತ್ರ ಆಗಬಹುದಾದದ್ದು. ಮೊದಲು ಬಂದವರು ಪಕ್ಕದ ಬೀದಿಯ ಟೈಲರ್. ಅವರಿಗೆ ಸಿಹಿಯ ಆಸೆಯನ್ನು ಹತೋಟಿಯಲ್ಲಿಡುವ ಬಗೆಯನ್ನು ವಿವರಿಸುತ್ತಿದ್ದಾಗ ಅವರ ಕಣ್ಣು ಪದೇ ಪದೇ ನೆಲಕ್ಕೆ ಹೋಗುತ್ತಿತ್ತು. ಕಡೆಗೆ ಅವರು, "ನೀವು ಹೇಳೋದೆಲ್ಲ ಸರಿ ಮೇಡಂ. ಆದ್ರೆ ಇಲ್ಲಿ ಕೂರಿಸ್ಕೊಂಡು ಹೇಳ್ತೀರಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು," ಎಂದರು. ಏಕೆಂದು ಕೇಳಲು, "ಯಾಕೆ ಅಂದ್ರೆ? ನಿಮಗೆ ವಾಸನೆ ಬರ್ತಿಲ್ವಾ?" ಎಂದರು.

ಬರುತ್ತಿರಲಿಲ್ಲ. ನಾಲ್ಕರ ಬನ್ನು ಆಗಷ್ಟೇ ಹೊರಬಿದ್ದಿತ್ತು. ಬೀದಿಯ ನಾಯಿ ಕೂಡ ಎದ್ದು ಕೂತಿತ್ತು. ಸದಾ ಒಂದೇ ವಾಸನೆಯಲ್ಲಿರುವ ಮೂಗು ಅದನ್ನು ತಿಳಿಸುವುದನ್ನೇ ನಿಲ್ಲಿಸುತ್ತದೆಂಬುದನ್ನು ಅರ್ಜಿದಾರಳು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದಳು. ತನ್ನ ಮುಖದ ಮೇಲೂ ಒಂದು ಮೂಗಿದೆ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

೩. ಮೆಟ್ಟಿಲು ಗಾಜಿನ ಕಪಾಟಿನ ಎದುರಿಗೇ ಇಳಿಯುವ ಕಾರಣ, ಸಲಹೆ ಪಡೆದವರು ನೇರ ಕೇಕಿನ ಮುಂದೆ ಬಂದು ನಿಲ್ಲುತ್ತಾರೆ. ಆಗ ತಾವು, "ಇವತ್ತೊಂದಿನ ತಿನ್ನಿ, ನಾಳೆಯಿಂದ ಅವಳು ಹೇಳಿದ್ದು ಕೇಳಿ," ಎಂದು ಸಮಾಧಾನ ಹೇಳುತ್ತೀರಿ. ಕೇಕು ಕೊಳ್ಳಲು ಬಂದವರಿಗೆ, "ತಿಂದ್ಮೇಲೆ ಹತ್ತಿ ಹೋಗಿ, ಮೇಲೆ ನನ್ನ ಮಗಳಿದ್ದಾಳೆ," ಎನ್ನುತ್ತೀರಿ. ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ತುಟಿಯ ಮೇಲೆ ಕ್ರೀಮು ಇರುವವರೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದಂತೆ ಎಂದು ಅಮ್ಮ ನಗುತ್ತಾಳೆ. ಅರ್ಜಿದಾರಳೂ ನಗುತ್ತಿದ್ದಳು, ಮುಂದಿನ ಅಂಶದಲ್ಲಿ ಹೇಳಿದ ಘಟನೆ ನಡೆಯುವವರೆಗೆ.

೪. ಕಳೆದ ವಾರ ಭಟ್ಟಿಯಿಂದ ತೆಗೆದ ಟ್ರೇ ಜಾರಿ ತಮ್ಮ ಬರಿಗಾಲಿನ ಮೇಲೆ ಬಿತ್ತು. ತಾವು ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸಿ ಕೊಡುತ್ತಲೇ ಇದ್ದಿರಿ. "ಯಜಮಾನ್ರೇ, ಕಾಲು," ಎಂದು ಮೇಸ್ತ್ರಿ ಹೇಳಿದ ಮೇಲೆ ಬಗ್ಗಿ ನೋಡಿದಿರಿ. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಈ ಕಥೆಯನ್ನು ತಾವೇ ಹೇಳುತ್ತಿದ್ದೀರಿ: "ಬೆಂಕಿ ಮುಂದೆ ನಿಂತು ನಿಂತು ಕಾಲು ಪಳಗಿಬಿಟ್ಟಿದೆ. ಚುರುಕ್ ಅಂತಾನೂ ಅನ್ನಲಿಲ್ಲ." ಕೇಳಿದವರು ತಲೆದೂಗುತ್ತಾರೆ. ಅರ್ಜಿದಾರಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು, ಅವಳಿಗೆ ತಲೆದೂಗಲಾಗಲಿಲ್ಲ.

೫. ಮೂಗು ವಾಸನೆಗೆ ಒಗ್ಗುತ್ತದೆ. ಕಾಲು ಸುಡುವ ತಗಡಿಗೆ ಒಗ್ಗುವುದಿಲ್ಲ. ಅದು ಸುಮ್ಮನಾಗಿದೆ ಎಂದರೆ ಸುದ್ದಿ ತರುವ ನರವೇ ಸುಮ್ಮನಾಗಿರಬಹುದು. ಜೊತೆಗೆ, ತಾವು ಈಚೆಗೆ ನೀರಿನ ಬಾಟಲಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೀರಿ. ಬೆಲ್ಟಿಗೆ ಮೇಸ್ತ್ರಿಯಿಂದ ಹೊಸ ತೂತು ಹಾಕಿಸಿದ್ದೀರಿ. ಅಮ್ಮನನ್ನು ಕೇಳಿದರೆ, "ಒಲೆ ಮುಂದೆ ನಿಂತವರಿಗೆ ಬಾಯಾರದೆ ಇನ್ನೇನು? ಸಣ್ಣಗಾದ್ರೆ ಒಳ್ಳೇದೇ ಅಲ್ವಾ, ನೀನೇ ಎಲ್ಲರಿಗೂ ಸಣ್ಣಗಾಗಿ ಅಂತೀಯ," ಎಂದಳು. ಪ್ರಯತ್ನಪಟ್ಟು ಸಣ್ಣಗಾಗುವುದು ಬೇರೆ, ತಾನಾಗಿ ಸಣ್ಣಗಾಗುವುದು ಬೇರೆ ಎಂದು ಅರ್ಜಿದಾರಳು ಟಿಪ್ಪಣಿ ಬರೆದುಕೊಂಡಳು.

೬. ಅರ್ಜಿದಾರಳು ವೈದ್ಯಳಲ್ಲ. ಕಾಯಿಲೆಗೆ ಹೆಸರಿಡುವ ಅಧಿಕಾರ ಅವಳಿಗಿಲ್ಲ. ಅದಕ್ಕೆ ರಕ್ತಪರೀಕ್ಷೆಯಾಗಬೇಕು, ವೈದ್ಯರು ನೋಡಬೇಕು. ಎದುರಿನ ಲ್ಯಾಬಿನವರು ದಿನವೂ ತಮ್ಮಲ್ಲಿ ಬ್ರೆಡ್ಡು ಕೊಳ್ಳುತ್ತಾರೆ. ತಾವೂ ಒಮ್ಮೆ ಅವರಲ್ಲಿಗೆ ಹೋದರೆ ವ್ಯಾಪಾರಧರ್ಮಕ್ಕೆ ಒಪ್ಪುತ್ತದೆ. ಈ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಿದ್ದಕ್ಕೆ ತಾವು, "ಮನೇಲಿ ನನ್ನ ಮಗಳಾಗಿರು," ಎಂದಿರಿ. ಆದ್ದರಿಂದ ಈ ಅರ್ಜಿ. ಊರವರ ನಿದ್ದೆ, ಸಿಟ್ಟು, ಬಾಯಾರಿಕೆಗಳನ್ನೆಲ್ಲ ಕೇಳಿ ತಿಳಿಯುವ ಕೇಂದ್ರವೊಂದು, ತನ್ನ ನೆಲದ ಕೆಳಗೇ ನಡೆದಾಡುವ ಕಾಲನ್ನು ನೋಡದಿದ್ದರೆ, ಬೋರ್ಡಿನ ಮೇಲಿನ "ಸಮಗ್ರ" ಎಂಬ ಪದವನ್ನು ಅಳಿಸಬೇಕಾಗುತ್ತದೆ. ಅದನ್ನು ಬರೆಸಿಕೊಟ್ಟವರು ತಾವೇ.

೭. ಉಲ್ಲೇಖಿತ ಷರತ್ತನ್ನು ಅರ್ಜಿದಾರಳು ಮುರಿದಿಲ್ಲ. ಈ ಅರ್ಜಿಯಲ್ಲಿ ಬನ್ನಿನ ವಿರುದ್ಧ ಒಂದಕ್ಷರವೂ ಇಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ, ನಾಲ್ಕರ ಭಟ್ಟಿಯನ್ನು ಆರಕ್ಕೆ ಮುಂದೂಡಬೇಕೆಂದೂ, ಮಾಲೀಕರನ್ನು ಕೇಂದ್ರದ ರೋಗಿಯಾಗಿ ಇಂದೇ ಮಂಜೂರು ಮಾಡಬೇಕೆಂದೂ ಕೋರಿದೆ. ನಾಲ್ಕರ ಬನ್ನಿಗೆ ಶಾಲೆ ಬಿಟ್ಟ ಮಕ್ಕಳು ಕಾಯುತ್ತಾರೆ, ಅದನ್ನು ಮುಂದೂಡುವುದು ಸಾಧ್ಯವೇ ಇಲ್ಲ ಎಂಬುದು ಅರ್ಜಿದಾರಳಿಗೆ ಗೊತ್ತು. ತಮ್ಮ ಪದ್ಧತಿಯಂತೆ ಎರಡರಲ್ಲಿ ಒಂದನ್ನು ತಾವು ನಿರಾಕರಿಸಲೇಬೇಕಾದ್ದರಿಂದ, ಬೇಕೆಂದೇ ಅದನ್ನೂ ಕೇಳಿದ್ದಾಳೆ.

ತಮ್ಮ ಬನ್ನು ತಿಂದೇ ಬೆಳೆದ,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಸ್ಥಳ: ಮೇಲಿನ ಕೋಣೆ
ಸಮಯ: ಹಿಟ್ಟು ಉಬ್ಬುವ ಹೊತ್ತು

ಲಗತ್ತುಗಳು:
(ಕ) ಹತ್ತಿಯ ಉಂಡೆ. ತಾವು ಕಣ್ಣು ಮುಚ್ಚಿದಾಗ ತಮ್ಮ ಅಂಗಾಲಿಗೆ ಅರ್ಜಿದಾರಳು ತಾಗಿಸತಕ್ಕದ್ದು. ತಾವೇ ತಾಗಿಸಿಕೊಂಡು "ಸರಿಯಿದೆ" ಎಂದು ಷರಾ ಬರೆಯುವಂತಿಲ್ಲ.
(ಖ) ಸುಟ್ಟ ಗಾಯದ ಮುಲಾಮು, ಸೀಲು ಒಡೆಯದ್ದು. ಅಮ್ಮ ತಂದುಕೊಟ್ಟಾಗ "ನೋವೇ ಇಲ್ಲ, ಮುಲಾಮು ಯಾಕೆ?" ಎಂದು ತಾವು ಹಿಂದಿರುಗಿಸಿದ್ದು.
(ಗ) ನಿನ್ನೆಯ ಬನ್ನು, ಅರ್ಧ. ಉಳಿದರ್ಧ ಅರ್ಜಿ ಬರೆಯುವಾಗ ಖರ್ಚಾಗಿದೆ.

ವಿಶೇಷ ಸೂಚನೆ: ಭಟ್ಟಿ ನೋಡಿಕೊಳ್ಳಲು ಮೇಸ್ತ್ರಿ ಒಪ್ಪಿದ್ದಾರೆ. ಕೇಂದ್ರದ ಬಾಗಿಲಲ್ಲಿರುವ "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂಬ ಫಲಕ ತಮಗೆ ಅನ್ವಯಿಸುವುದಿಲ್ಲ. ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಬರಬೇಕಾಗಿ ವಿನಂತಿ.