ಆದಿಮಾನವನ ಊಟಕ್ಕೆ ಕೂತ ಇತಿಹಾಸದ ಸರ್

ಆದಿಮಾನವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ವಿಜಯಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆಗ ಎಲ್ಲರೂ ಇದನ್ನು ನಂಬಿದ್ದರು. ಓದಿದವರು ಹತ್ತು ಜನ ಕೂಡುವಲ್ಲಿ ಇಂಥದ್ದು ಆಗಾಗ ಆಗುತ್ತಲೇ ಇರುತ್ತದೆ.

ಈ ಸಲ ಸಿಕ್ಕಿಬಿದ್ದವರು ಇತಿಹಾಸದ ಸರ್. ಅವರ ಸಕ್ಕರೆ ಏರಿತ್ತು. "ಶ್ರಾವಣದ ತನಕಾ ನೋಡೋಣು. ಇಳೀಲಿಲ್ಲಂದ್ರ ಇನ್ಸುಲಿನ್ ಸೂಜೀನ ಗತಿ" ಎಂದಿದ್ದರು ಡಾಕ್ಟರು. ಸರ್‌ಗೆ ಸೂಜಿ ಎಂದರೆ ಜೀವಭಯ. ರಕ್ತದಾನ ಶಿಬಿರದಲ್ಲಿ ಸ್ವಾಗತ ಭಾಷಣ ಮಾಡಿ ಹಿಂದಿನ ಬಾಗಿಲಿನಿಂದ ಹೋಗುವವರು ಅವರು.

ಶಿಬಿರ

ಗೋಳಗುಮ್ಮಟದ ಹತ್ತಿರ ಒಂದು ಆರೋಗ್ಯ ಶಿಬಿರ. ಹೊರಗಿನಿಂದ ಬಂದ ಭಾಷಣಕಾರರು ಪರದೆಯ ಮೇಲೆ ಈಟಿ ಹಿಡಿದ ಆದಿಮಾನವನನ್ನು ತೋರಿಸಿದರು. ನಮ್ಮ ದೇಹ ಇನ್ನೂ ಇವನದೇ. ಜೋಳ, ಗೋಧಿ ಬಂದದ್ದು ಮೊನ್ನೆ ಮೊನ್ನೆ. ರೊಟ್ಟಿ ಬಿಡಿ, ಕಾಡಿನಲ್ಲಿ ಸಿಗುವಂಥದ್ದನ್ನು ತಿನ್ನಿ, ಎಂದರು.

"ಇವನಿಗೆ ಶುಗರ್ ಇತ್ತೇ?"

"ಇಲ್ಲ!" ಎಂದು ಸಭೆ ಕೂಗಿತು.

"ಅವನ ರಕ್ತ ತೆಗೆದು ನೋಡಿದವರು ಯಾರು?" ಎಂದು ಪಕ್ಕದಲ್ಲಿದ್ದ ಸರ್ ಅವರ ಕಿವಿಯಲ್ಲಿ ಕೇಳಿದೆ.

ಸರ್ ಬೆಚ್ಚಿಬಿದ್ದರು. "ರಕ್ತದ ಮಾತು ತಗೀಬ್ಯಾಡ್ರೀ ಮಾರಾಯ್ರ!"

ಒಲೆ

ಮರುದಿನದಿಂದ ರೊಟ್ಟಿ ಬಂದ್. ಸರ್ ಹೆಂಡತಿಗೆ ಮನುಷ್ಯನ ವಿಕಾಸವನ್ನು ಮಂಗನಿಂದ ಹಿಡಿದು ವಿವರಿಸಿದರು. ಆಕೆ ಪೂರ್ತಿ ಕೇಳಿದರು.

"ಅವ್ರ ಮನ್ಯಾಗ ಗ್ಯಾಸ್ ಇತ್ತೇನ್ರಿ?"

"ಎಲ್ಲಿಂದ ಬರಬೇಕು?"

"ಕುಕ್ಕರ್?"

"ಹುಚ್ಚಿ ಏನ ನೀ?"

ಆಕೆ ಒಲೆ ಆರಿಸಿ ಟಿವಿ ಮುಂದೆ ಕೂತರು. "ಹಂಗಾರ ಬ್ಯಾಟಿಗೆ ಹೋಗಿ ಬರ್ರಿ. ಬರೂವಾಗ ನನಗೊಂದು ಪ್ಲೇಟ್ ಗಿರಮಿಟ್ ತರ್ರಿ."

ಪಂಕ್ತಿ

ಬಬಲೇಶ್ವರದಲ್ಲಿ ಸಂಬಂಧಿಕರ ಮನೆಯ ವಾಸ್ತುಶಾಂತಿ. ನನ್ನನ್ನೂ ಕರೆದೊಯ್ದಿದ್ದರು. ಸರ್ ಬದನೆಕಾಯಿ ಪಲ್ಯೆ ಹಾಕಿಸಿಕೊಂಡು ರೊಟ್ಟಿಗೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದ ಅಜ್ಜಿ ಅಲ್ಲೇ ನಿಂತುಬಿಟ್ಟಳು.

"ಯಪ್ಪಾ, ಯಾರರ ಏನರ ಅಂದ್ರೇನು?"

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಮನೆಯ ಯಜಮಾನರು ಓಡಿಬಂದು ಕೈಮುಗಿದರು. "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ರೊಟ್ಟಿ ಮಾತ್ರ ಬ್ಯಾಡ ಅನಬ್ಯಾಡ್ರಿ."

"ಹಂಗಲ್ರಿ. ಆದಿಮಾನವರು ರೊಟ್ಟಿ ಉಣತಿದ್ದಿಲ್ಲ."

ಯಜಮಾನರು ಸ್ವಲ್ಪ ಯೋಚಿಸಿದರು. "ಅವ್ರು ನಿಮ್ಮ ಬೀಗರ ಕಡೇದವರೇನ್ರಿ ಸರ್? ಅವ್ರಿಗೂ ಹೇಳಿಕಳಸಬೇಕಿತ್ತೇನು?"

ಚೇಷ್ಟೆಯೋ ಗಾಬರಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಜೇಬು

ರೊಟ್ಟಿ ಬಿಟ್ಟ ಹೊಟ್ಟೆ ಸುಮ್ಮನಿರುತ್ತದೆಯೇ? ಸರ್ ಅವರ ಹೆಂಡತಿಯ ತಮ್ಮನದು ತಿಕೋಟಾದಲ್ಲಿ ದ್ರಾಕ್ಷಿ ತೋಟ. ಹಣ್ಣು ಕಾಡಿನಲ್ಲೂ ಸಿಗುವಂಥದ್ದು, ಅಂದರೆ ಶಾಸ್ತ್ರಸಮ್ಮತ. ಗೊಂಚಲಿನ ಕಾಲ ಮುಗಿದಿತ್ತು, ಒಣದ್ರಾಕ್ಷಿ ಇತ್ತು. "ಮಾಮಾ, ಮನೀ ಮಾಲು, ಹೊಟ್ಟಿ ತುಂಬ ತಿನ್ರಿ" ಎಂದು ಆತ ವಾರವಾರ ಚೀಲ ತಂದು ಇಳಿಸಿದ. ಪಾಠ ಮಾಡುವಾಗಲೂ ಸರ್ ಅವರ ಕೈ ಪ್ಯಾಂಟಿನ ಜೇಬಿನಲ್ಲಿ.

"ಸರ್, ಸಕ್ಕರೆ..." ಎಂದೆ.

"ಇದು ಹಣ್ಣು ರೀ. ಸಕ್ಕರಿ ಅಂಗಡ್ಯಾಗ ಇರ್ತದ."

ಶ್ರಾವಣ ಬಂತು. ಸೊಲ್ಲಾಪುರ ರಸ್ತೆಯ ದವಾಖಾನೆಗೆ ಧೈರ್ಯಕ್ಕೆಂದು ನನ್ನನ್ನು ಜೊತೆಗೆ ಕರೆದೊಯ್ದರು. ಡಾಕ್ಟರು ರಿಪೋರ್ಟ್ ನೋಡಿದರು. ಸರ್ ಅವರನ್ನು ನೋಡಿದರು. ಮತ್ತೆ ರಿಪೋರ್ಟ್ ನೋಡಿದರು. ಸಕ್ಕರೆ ಮೊದಲಿಗಿಂತ ಮೇಲೆ ಹೋಗಿತ್ತು.

"ಏನ್ ತಿನ್ನಾಕತ್ತೀರಿ ನೀವು?"

"ಆದಿಮಾನವ ತಿಂದದ್ದನ್ನ" ಎಂದು ಸರ್ ಅಭಿಮಾನದಿಂದ ಜೇಬಿಗೆ ಕೈ ಹಾಕಿ, ಒಂದು ಹಿಡಿ ಒಣದ್ರಾಕ್ಷಿ ಡಾಕ್ಟರ ಮುಂದೆ ಹಿಡಿದರು. "ತಗೋರಿ, ಈ ವರ್ಷದ ಮಾಲು."

ಡಾಕ್ಟರು ಬಾಗಿಲ ಕಡೆ ತಿರುಗಿದರು.

"ಸಿಸ್ಟರ್, ಸೂಜಿ ತರ್ರಿ."

ಸರ್ ಬಿಳಿಚಿಕೊಂಡು ನನ್ನ ತೋಳು ಹಿಡಿದರು. "ಮತ್ತ ಅವಗ ಸಕ್ಕರಿ ರೋಗ ಯಾಕ ಬರಲಿಲ್ರಿ?"

ಆದಿಮಾನವನಿಗೆ ತಿಕೋಟಾದಲ್ಲಿ ಹೆಂಡತಿಯ ತಮ್ಮ ಇರಲಿಲ್ಲ.